ಡಿಗ್ರಿಯ ಕಡ್ಡಾಯ ಪೇಪರ್‌ಗಳಲ್ಲಿ ಯಾವುದು ಉಳಿಯಬೇಕು, ಯಾವುದು ಹೋಗಬೇಕು?

ಬಯಲುಸೀಮೆ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬಿಎ, ಬಿಕಾಂ, ಬಿಎಸ್ಸಿ ಯಾವುದೇ ಇರಲಿ, ಎಲ್ಲರೂ ಓದಲೇಬೇಕು ಅಂತ ಇಟ್ಟಿರುವ ಪೇಪರ್‌ಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. 2021ರಲ್ಲಿ ಎನ್‌ಇಪಿಯನ್ನು, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯನ್ನು, ದೇಶದಲ್ಲೇ ಮೊದಲು ಜಾರಿಗೆ ತಂದಿದ್ದು ನಮ್ಮ ಕರ್ನಾಟಕ. ನಾಲ್ಕು ವರ್ಷದ ಆನರ್ಸ್ ಬಂತು. ಜೊತೆಗೆ ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಪೇಪರ್), ಡಿಜಿಟಲ್ ಫ್ಲುಯೆನ್ಸಿ (ಕಂಪ್ಯೂಟರ್ ತಂತ್ರಜ್ಞಾನದ ಪರಿಚಯ), ಯೋಗ, ಎನ್‌ಎಸ್‌ಎಸ್‌ಗೂ ಕ್ರೆಡಿಟ್. 2023ರಲ್ಲಿ ಸರ್ಕಾರ ಬದಲಾದ ಮೇಲೆ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ರಚನೆಯಾಯಿತು. ಅದರ ಮಧ್ಯಂತರ ವರದಿಯ ಮೇಲೆ 2024ರ ಮೇ ತಿಂಗಳಲ್ಲಿ ಆದೇಶ ಬಂದು ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಇಳಿಯಿತು. ಹಾಗಾಗಿ 2024-25ರಲ್ಲಿ ಮೊದಲ ವರ್ಷಕ್ಕೆ ಎಸ್‌ಇಪಿ (ರಾಜ್ಯ ಶಿಕ್ಷಣ ನೀತಿ), ಮೇಲಿನ ವರ್ಷಗಳಿಗೆ ಎನ್‌ಇಪಿ. ಅದಕ್ಕೂ ಹಿಂದಿನ ಸಿಬಿಸಿಎಸ್ ಅನ್ನುವ ಕ್ರೆಡಿಟ್ ಪದ್ಧತಿಯಲ್ಲಿ ಪೇಪರ್ ಬಾಕಿ ಉಳಿಸಿಕೊಂಡವರು ಬೇರೆ.

ಸ್ಕೀಮ್ ಬದಲಾದಾಗಲೆಲ್ಲ ಕಡ್ಡಾಯ ಪೇಪರ್‌ಗಳ ಹೆಸರು ಬದಲಾಗುತ್ತದೆ. ತರಗತಿಯಲ್ಲಿ ನಡೆಯುವುದು ಬದಲಾಗುವುದಿಲ್ಲ. ಸಂವಿಧಾನದ ಪೇಪರ್‌ಗೆ ಹುಡುಗರು ಹಿಂದಿನ ರಾತ್ರಿ ಗೈಡ್ ಓದಿ ಪಾಸಾಗುತ್ತಾರೆ. ಪರಿಸರ ಅಧ್ಯಯನದ ಗತಿಯೂ ಅದೇ. ನನ್ನ ಪ್ರಕಾರ ಕಡ್ಡಾಯ ಪೇಪರ್ ಎರಡು ಮೂರು ಸಾಕು. ಆದರೆ ಅವನ್ನು ಸರಿಯಾಗಿ ಕಲಿಸುವವರು ಬೇಕು, ಪರೀಕ್ಷೆಯ ರೀತಿಯೇ ಬೇರೆ ಆಗಬೇಕು. ನೀವೇನು ಹೇಳುತ್ತೀರಿ?

ಬಿಕಾಂ ಕೊನೇ ವರ್ಷ
ಸರ್, ನೇರವಾಗಿ ಹೇಳುತ್ತೇನೆ. ಎಲ್ಲ ತೆಗೆದುಹಾಕಲಿ. ಜಿಎಸ್‌ಟಿ ರಿಟರ್ನ್ ಫೈಲ್ ಮಾಡುವುದನ್ನು ಕಾಲೇಜಿನಲ್ಲಿ ಸರಿಯಾಗಿ ಕಲಿಸಲಿಲ್ಲ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಕಲಿಯಲು ಸಂಜೆ ಹೊತ್ತು ದುಡ್ಡು ಕೊಟ್ಟು ಹೊರಗಡೆ ಕ್ಲಾಸಿಗೆ ಹೋಗುತ್ತಿದ್ದೇನೆ. ಪಿಯುಸಿವರೆಗೆ ಓದಿದ್ದನ್ನೇ ಡಿಗ್ರಿಯಲ್ಲೂ ಓದಿಸಿದರೆ ಏನು ಪ್ರಯೋಜನ?

ತುಂಗಾತೀರ
ನೂರಕ್ಕೆ ನೂರು ಸರಿ ತಂಗಿ.

ನಿವೃತ್ತ ಪ್ರಾಂಶುಪಾಲ
ತಂಗಿ, ನಿನ್ನ ಸಿಟ್ಟು ಅರ್ಥವಾಗುತ್ತದೆ. ಆದರೆ ಜಿಎಸ್‌ಟಿ ಚೆನ್ನಾಗಿ ಕಲಿಸದಿದ್ದರೆ ಅದು ಕಾಮರ್ಸ್ ವಿಭಾಗದ ತಪ್ಪು, ಸಂವಿಧಾನದ ಪೇಪರ್‌ದಲ್ಲ. ವಾರಕ್ಕೆ ಎರಡು ಮೂರು ಗಂಟೆಯ ಪೇಪರ್ ತೆಗೆದ ಮಾತ್ರಕ್ಕೆ ಆ ಗಂಟೆಗಳಲ್ಲಿ ಟ್ಯಾಲಿ ಬರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ.

ಇನ್ನೊಂದು ವಿಷಯ. ಈ ಚರ್ಚೆ ಹೊಸದಲ್ಲ. 1948-49ರ ರಾಧಾಕೃಷ್ಣನ್ ಆಯೋಗವೇ ಡಿಗ್ರಿಯಲ್ಲಿ ಸಾಮಾನ್ಯ ಶಿಕ್ಷಣ ಇರಬೇಕು ಅಂತ ಹೇಳಿತ್ತು. ವಿಜ್ಞಾನದವರಿಗೆ ಸಮಾಜದ ಅರಿವು, ಕಲಾ ವಿಭಾಗದವರಿಗೆ ವಿಜ್ಞಾನದ ಅರಿವು ಬೇಕು ಅನ್ನುವುದು ಅವರ ವಾದ. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಮಾಡಿದವರು. ನಮ್ಮ ಹುಡುಗರನ್ನು ಹತ್ತಿರದಿಂದ ಕಂಡವರು ಅನ್ನುವ ಅಭಿಮಾನ ನನಗಿದೆ.

ಬಿಕಾಂ ಕೊನೇ ವರ್ಷ
@ನಿವೃತ್ತ ಪ್ರಾಂಶುಪಾಲ ಸರ್, ಒಪ್ಪಿದೆ. ಆದರೆ ನಮಗೆ ಓಪನ್ ಎಲೆಕ್ಟಿವ್ ಅಂತ ಕೊಟ್ಟರಲ್ಲ, ಅದರ ಕಥೆ ಕೇಳಿ. ಪಟ್ಟಿಯಲ್ಲಿ ಮನಃಶಾಸ್ತ್ರ ಇತ್ತು, ಪತ್ರಿಕೋದ್ಯಮ ಇತ್ತು. ನಾನು ಪತ್ರಿಕೋದ್ಯಮ ಅಂತ ಟಿಕ್ ಮಾಡಿ ಕೊಟ್ಟೆ. ನೋಟಿಸ್ ಬೋರ್ಡಿನಲ್ಲಿ ಬಂದಿದ್ದು ಬೇರೆ. ಇಡೀ ಸೆಕ್ಷನ್‌ಗೆ ಒಂದೇ ಪೇಪರ್. ಆಫೀಸಿನಲ್ಲಿ ಕೇಳಿದರೆ "ಅದಕ್ಕೆ ಲೆಕ್ಚರರ್ ಇಲ್ಲಮ್ಮ, ಇದನ್ನೇ ತಗೋ" ಅಂದರು. ಇದರಲ್ಲಿ ಓಪನ್ ಯಾವುದು, ಎಲೆಕ್ಟಿವ್ ಯಾವುದು?

ಅತಿಥಿ ಉಪನ್ಯಾಸಕಿ
ಈ ತಂಗಿ ಹೇಳಿದ್ದು ಅಕ್ಷರಶಃ ನಿಜ. ಯಾಕೆ ಹಾಗಾಗುತ್ತದೆ ಅಂತ ಒಳಗಿದ್ದವಳಾಗಿ ಹೇಳುತ್ತೇನೆ.

ಯಾವ ಎಲೆಕ್ಟಿವ್ ಕೊಡಬೇಕು ಅನ್ನುವುದನ್ನು ವರ್ಕ್‌ಲೋಡ್ ನಿರ್ಧರಿಸುತ್ತದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಪ್ರಕಾರ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ ಇರಬೇಕು. ಯಾವ ವಿಭಾಗಕ್ಕೆ ಗಂಟೆ ಕಮ್ಮಿ ಬಿದ್ದಿದೆಯೋ ಆ ವಿಭಾಗದ ಪೇಪರ್ ಎಲೆಕ್ಟಿವ್ ಆಗುತ್ತದೆ. ಸಂವಿಧಾನ, ಪರಿಸರ ಕೂಡ ಹಾಗೇ. ನಾನು ಸಮಾಜಶಾಸ್ತ್ರ ಓದಿದವಳು. ಪರಿಸರ ಅಧ್ಯಯನ ಕಲಿಸಿದ್ದೇನೆ, ಸಂವಿಧಾನ ಕಲಿಸಿದ್ದೇನೆ, ಡಿಜಿಟಲ್ ಫ್ಲುಯೆನ್ಸಿಯನ್ನೂ ಕಲಿಸು ಅಂದರು. ಅದರಲ್ಲಿ ಎಐ, ಬಿಗ್ ಡೇಟಾ ಎಲ್ಲ ಇದೆ. ಕಂಪ್ಯೂಟರ್ ಲ್ಯಾಬ್‌ನಲ್ಲಿ ಅರ್ಧ ಮಿಷಿನ್ ಆನ್ ಆಗುತ್ತಿರಲಿಲ್ಲ.

ಸ್ಕೀಮ್ ಬದಲಾಗಿ ಎಲೆಕ್ಟಿವ್ ಹೋದಾಗ ನಮ್ಮ ಗಂಟೆಗಳೂ ಹೋದವು. ಅದಕ್ಕೂ ಮೊದಲೇ, 2023ರ ನವೆಂಬರ್‌ನಲ್ಲಿ, ಕೆಲಸ ಕಾಯಂ ಮಾಡಿ ಅಂತ ರಾಜ್ಯದಾದ್ಯಂತ ಅತಿಥಿ ಉಪನ್ಯಾಸಕರು ಮುಷ್ಕರಕ್ಕೆ ಕೂತಿದ್ದು ನೆನಪಿದೆಯಲ್ಲ? ಎಷ್ಟೋ ಕಡೆ ವಾರಗಟ್ಟಲೆ ಪಾಠವೇ ನಡೆಯಲಿಲ್ಲ. ಪಠ್ಯಕ್ರಮ ಸುಧಾರಣೆ ಅಂತ ಸಮಿತಿಗಳಲ್ಲಿ ಮಾತಾಡುವವರು ಮೊದಲು ಇದನ್ನು ನೋಡಲಿ. ಮುಂದಿನ ವರ್ಷ ಇರುತ್ತೇವೋ ಇಲ್ಲವೋ ಗೊತ್ತಿಲ್ಲದವರ ಕೈಗೆ ಎಲ್ಲರೂ ಓದಲೇಬೇಕಾದ ಪೇಪರ್ ಕೊಡುತ್ತಾರೆ.

ಬಯಲುಸೀಮೆ ಮೇಷ್ಟ್ರು
ಮೇಡಂ, ಇದನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಕಾಯಂ ಇರುವ ನಾವೂ ಈ ಪೇಪರ್‌ಗಳನ್ನು ತಪ್ಪಿಸಿಕೊಳ್ಳಲು ನೋಡುತ್ತೇವೆ ಅನ್ನುವುದನ್ನೂ ಸೇರಿಸಿ. ಮೇಜರ್ (ಮುಖ್ಯ ವಿಷಯದ) ಪೇಪರ್ ನಮಗೆ, ಉಳಿದದ್ದು ಅತಿಥಿಗಳಿಗೆ ಅನ್ನುವ ಪದ್ಧತಿ ಬಹಳ ಕಡೆ ಇದೆ.

ಕೋಡ್ ಬರೆಯುವವ
ನಾನು ಇಂಜಿನಿಯರಿಂಗ್ ಓದಿದವನು, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ). ನಮಗೂ ಸಂವಿಧಾನದ ಪೇಪರ್ ಇತ್ತು. ಕನ್ನಡ ಬಲ್ಲವರಿಗೆ ಸಾಂಸ್ಕೃತಿಕ ಕನ್ನಡ, ಬಾರದವರಿಗೆ ಬಳಕೆ ಕನ್ನಡ, ಒಂದು ಕ್ರೆಡಿಟ್. ಬಳಕೆ ಕನ್ನಡ ಓದಿದ ನನ್ನ ರೂಂಮೇಟ್ ಪಟ್ನಾದವನು. ಈಗಲೂ ಆಟೋದವರ ಹತ್ತಿರ ಕನ್ನಡದಲ್ಲೇ ಚೌಕಾಶಿ ಮಾಡುತ್ತಾನೆ. ಮೇಡಂ ಪುಸ್ತಕ ಪಕ್ಕಕ್ಕಿಟ್ಟು ತರಕಾರಿ ಮಾರ್ಕೆಟ್ಟು, ಬಸ್ ಸ್ಟ್ಯಾಂಡ್ ಸಂಭಾಷಣೆ ಮಾಡಿಸಿದ್ದರು. ಕಡ್ಡಾಯ ಅಂದ ಮಾತ್ರಕ್ಕೆ ಎಲ್ಲವೂ ದಂಡ ಅಲ್ಲ.

ತುಂಗಾತೀರ
ಒಬ್ಬ ಒಳ್ಳೆ ಮೇಡಂ ಸಿಕ್ಕಿದ್ದು ಅದೃಷ್ಟ. ಅದನ್ನೇ ನೀತಿ ಅನ್ನಲಾಗದು ಅಣ್ಣ.

ಕರಾವಳಿ ಕನ್ನಡ
ಭಾಷೆಯ ಮಾತು ಬಂತು, ಸುಮ್ನೆ ಇರಲಾಗುತ್ತಿಲ್ಲ. ನಾನು ಕನ್ನಡ ಉಪನ್ಯಾಸಕ. 2021ರಲ್ಲಿ ಡಿಗ್ರಿಯಲ್ಲಿ ಕನ್ನಡ ಕಡ್ಡಾಯ ಅಂತ ಸರ್ಕಾರ ಆದೇಶ ಮಾಡಿತು. ಹೈಕೋರ್ಟಿನಲ್ಲಿ ಪ್ರಶ್ನೆ ಮಾಡಿದರು, 2022ರ ಏಪ್ರಿಲ್‌ನಲ್ಲಿ ತಡೆ ಬಂತು. ಆ ಜಗಳದಲ್ಲಿ ಕನ್ನಡ ಬೇಕೋ ಬೇಡವೋ ಅನ್ನುವುದೊಂದೇ ಪ್ರಶ್ನೆಯಾಯಿತು. ಏನು ಕಲಿಸಬೇಕು ಅಂತ ಯಾರೂ ಕೇಳಲಿಲ್ಲ.

ಬಿಎಸ್ಸಿ ಹುಡುಗರಿಗೂ ಪಂಪನ ಪದ್ಯ ಕೊಡುತ್ತೇವೆ. ಕೊಡಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅದರ ಮೇಲಿನ ಪ್ರಶ್ನೆ ಏನು? "ಸಾರಾಂಶ ಬರೆಯಿರಿ." ಗೈಡಿನಲ್ಲಿರುವ ಸಾರಾಂಶವನ್ನು ಬಾಯಿಪಾಠ ಮಾಡಿ ಬರೆಯುತ್ತಾರೆ. ಪದ್ಯ ಓದಿಯೇ ಇರುವುದಿಲ್ಲ. ಪೇಪರ್ ತಿದ್ದುವಾಗ ಒಂದೇ ವಾಕ್ಯ, ಅದೇ ಕಾಗುಣಿತದ ತಪ್ಪಿನ ಸಮೇತ, ಕಟ್ಟುಗಟ್ಟಲೆ ಉತ್ತರಪತ್ರಿಕೆಯಲ್ಲಿ ಸಿಗುತ್ತದೆ. ಆ ತಪ್ಪು ಗೈಡ್ ಅಚ್ಚು ಮಾಡಿದವರದ್ದು.

ನೇಮಕಾತಿ ನೋಡುವವಳು
ಕರಾವಳಿ ಸರ್ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ನಾನು ಕಂಪನಿಗೆ ಹೊಸಬರನ್ನು ಆರಿಸುವ ಕೆಲಸದಲ್ಲಿದ್ದೇನೆ. ಬಿಕಾಂ ಮಾಡಿ ಬಂದವರಿಗೆ ಎಕ್ಸೆಲ್ ನಾವೇ ಕಲಿಸಿಕೊಳ್ಳುತ್ತೇವೆ. ಆದರೆ ಒಂದು ಪ್ಯಾರಾದಲ್ಲಿ ಆಗಿದ್ದೇನು ಅಂತ ಬರೆದು ತಿಳಿಸು ಅಂದರೆ ಕೈ ಓಡುವುದಿಲ್ಲ. ಇಂಗ್ಲಿಷ್ ಬಿಡಿ, ಕನ್ನಡದಲ್ಲೂ ಬರುವುದಿಲ್ಲ. ಬರೆಯುವುದನ್ನು ಕಲಿಸುವ ಒಂದು ಕಡ್ಡಾಯ ಪೇಪರ್ ಇಡಿ, ಸಾಕು.

ಬಿಕಾಂ ಕೊನೇ ವರ್ಷ
@ನೇಮಕಾತಿ ನೋಡುವವಳು ಮೇಡಂ, ಹಾಗಾದರೆ ಇಂಟರ್‌ವ್ಯೂನಲ್ಲಿ ಎಲ್ಲರೂ ಟ್ಯಾಲಿ ಸರ್ಟಿಫಿಕೇಟ್ ಇದೆಯಾ ಅಂತ ಯಾಕೆ ಕೇಳುತ್ತಾರೆ?

ನೇಮಕಾತಿ ನೋಡುವವಳು
ಸಾವಿರ ಅರ್ಜಿ ಬಂದಾಗ ಸೋಸಲು ಸುಲಭ ಅಂತ. ಅದು ನ್ಯಾಯ ಅಂತ ನಾನು ಹೇಳುವುದಿಲ್ಲ. ಆದರೆ ಎರಡು ವರ್ಷದ ನಂತರ ಬಡ್ತಿ ಸಿಗುವುದು ಚೆನ್ನಾಗಿ ಬರೆಯುವ, ಮಾತಾಡುವ ಹುಡುಗರಿಗೆ. ಇದನ್ನು ಕಣ್ಣಾರೆ ನೋಡುತ್ತಿದ್ದೇನೆ.

ಸೇಡಂ ರಸ್ತೆ
ಎಲ್ಲರೂ ಬೆಂಗಳೂರಿನ ಲೆಕ್ಕದಲ್ಲೇ ಮಾತಾಡುತ್ತಿದ್ದೀರಿ. ನಮ್ಮ ಕಡೆ ಹುಡುಗಿಯರು ಬೆಳಿಗ್ಗೆ ಒಂದು ಬಸ್ಸಿಗೆ ಬರುತ್ತಾರೆ, ಮಧ್ಯಾಹ್ನದ ಬಸ್ಸಿಗೆ ವಾಪಸ್. ಅದು ತಪ್ಪಿದರೆ ಸಂಜೆವರೆಗೆ ಸ್ಟ್ಯಾಂಡಿನಲ್ಲಿ ಕೂರಬೇಕು. ಈ ಎಲೆಕ್ಟಿವ್, ಯೋಗ, ಎನ್‌ಎಸ್‌ಎಸ್ ಕ್ಲಾಸುಗಳನ್ನು ಎಲ್ಲಿ ಹಾಕುತ್ತಾರೆ ಹೇಳಿ? ದಿನದ ಕೊನೆಯಲ್ಲಿ. ಅರ್ಧ ತರಗತಿ ಖಾಲಿ. ಆಮೇಲೆ ಹಾಜರಾತಿ ಕಮ್ಮಿ ಅಂತ ನೋಟಿಸ್. ಪಠ್ಯಕ್ರಮ ಬರೆಯುವವರು ಒಮ್ಮೆ ನಮ್ಮ ಬಸ್ ಟೈಮಿಂಗ್ ಕೇಳಲಿ.

ಅತಿಥಿ ಉಪನ್ಯಾಸಕಿ
@ಸೇಡಂ ರಸ್ತೆ ಹೌದು ಅಣ್ಣ. ನಮ್ಮಲ್ಲೂ ಕೊನೇ ಪೀರಿಯಡ್ ಯಾವಾಗಲೂ ಇವಕ್ಕೇ.

ಇಬ್ಬರು ಮಕ್ಕಳ ತಾಯಿ
ಮಧ್ಯೆ ಒಂದು ಪ್ರಶ್ನೆ, ವಿಷಯ ಬಿಟ್ಟು ಹೋಯ್ತು ಅಂದುಕೊಳ್ಳಬೇಡಿ. ನನ್ನ ಮಗ ಈಗ ಮೂರು ವರ್ಷದ ಬಿಎಸ್ಸಿಗೆ ಸೇರಿದ್ದಾನೆ. ವಿದೇಶದಲ್ಲಿ ಎಂಎಸ್ ಮಾಡಲು ನಾಲ್ಕು ವರ್ಷದ ಡಿಗ್ರಿಯೇ ಬೇಕಾ?

ಡೆಟ್ರಾಯಿಟ್ ಕನ್ನಡಿಗ
ಮೇಡಂ, ಅಮೆರಿಕದಲ್ಲಿ ಒಂದೊಂದು ವಿಶ್ವವಿದ್ಯಾಲಯದ್ದು ಒಂದೊಂದು ನಿಯಮ. ಕೆಲವು ಕಡೆ ಮೂರು ವರ್ಷದ್ದನ್ನು ಒಪ್ಪುತ್ತಾರೆ, ಬಹಳ ಕಡೆ 16 ವರ್ಷದ ಓದು ಕೇಳುತ್ತಾರೆ. ಭಾರತದಲ್ಲೇ ಎಂಎಸ್ಸಿ ಮುಗಿಸಿ ಬರುವವರೂ ಇದ್ದಾರೆ. ಸೇರಬೇಕಾದ ಕಡೆ ನೇರವಾಗಿ ಇಮೇಲ್ ಮಾಡಿ ಕೇಳುವುದೇ ಒಳ್ಳೆಯದು.

ಮೂಲ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಇಲ್ಲಿನ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ. ಡಿಗ್ರಿಗೆ ಸುಮಾರು 120 ಕ್ರೆಡಿಟ್ ಬೇಕು, ಅದರಲ್ಲಿ ಮೂರನೇ ಒಂದು ಭಾಗದಷ್ಟು ಜನರಲ್ ಎಜುಕೇಷನ್. ಇಲ್ಲಿ ಇದಕ್ಕೆ ನೂರು ವರ್ಷದ ಇತಿಹಾಸ ಇದೆ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಎಲ್ಲರಿಗೂ ಒಂದೇ ಅಂತ ನಾಗರಿಕತೆಯ ಕೋರ್ಸ್ ಶುರುಮಾಡಿದರು. ಈಗಲೂ ಅದು ಸಣ್ಣ ಗುಂಪಿನಲ್ಲಿ ಕೂತು ಓದಿ ಚರ್ಚೆ ಮಾಡುವ ತರಗತಿ. ಹಾಗಂತ ಎಲ್ಲ ಕಡೆ ಹಾಗಿಲ್ಲ. ಮಗಳ ಕೆಲವು ಕ್ಲಾಸುಗಳಲ್ಲಿ ಮುನ್ನೂರು ಜನ. ಪಾಠ ಮಾಡುವವರು ಬಹಳಷ್ಟು ಸಲ ತಾತ್ಕಾಲಿಕ ನೌಕರರೇ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಅವಳಿಗೆ ಪಟ್ಟಿಯಿಂದ ಆರಿಸಿಕೊಳ್ಳುವ ಅವಕಾಶ ನಿಜವಾಗಿಯೂ ಇದೆ. ಬಯಾಲಜಿ ಮೇಜರ್ ಆದರೂ ಭೂವಿಜ್ಞಾನ ತೆಗೆದುಕೊಂಡಳು. ಕಲ್ಲು ಆರಿಸಿಕೊಂಡು ಬಂದು ಅಡುಗೆಮನೆ ಕಟ್ಟೆ ಮೇಲೆ ಸಾಲಾಗಿ ಇಟ್ಟಿದ್ದಾಳೆ.

ತುಂಗಾತೀರ
ಅಲ್ಲಿಯ ಫೀಸು ಎಷ್ಟು ಅಂತಲೂ ಹೇಳಿ. ನಮ್ಮ ಸರ್ಕಾರಿ ಕಾಲೇಜಿನ ಜೊತೆ ಹೋಲಿಸುವುದು ಸರಿಯಾ?

ಡೆಟ್ರಾಯಿಟ್ ಕನ್ನಡಿಗ
ಸರಿಯಲ್ಲ, ಒಪ್ಪುತ್ತೇನೆ. ಆದರೆ ಟಿಕ್ ಮಾಡಿಸಿಕೊಂಡು ಬೇರೆಯದನ್ನು ಕೊಡುವುದಕ್ಕೆ ದುಡ್ಡಿನ ಕೊರತೆ ಕಾರಣ ಅಂದರೆ ನಾನು ಒಪ್ಪುವುದಿಲ್ಲ. ಇರುವುದು ಎರಡೇ ಅಂದರೆ ಎರಡನ್ನೇ ಪಟ್ಟಿಯಲ್ಲಿ ಹಾಕಲಿ.

ಕೆರೆಯಂಗಳ
ನಾನು ಸಸ್ಯಶಾಸ್ತ್ರದವನು, ಪರಿಸರ ಅಧ್ಯಯನವನ್ನು ಕೇಳಿ ಪಡೆದು ಕಲಿಸುತ್ತೇನೆ. ಇದರ ಹಿಂದೆ ಸುಪ್ರೀಂ ಕೋರ್ಟ್ ಇದೆ. ಪರಿಸರದ ಪರ ಹೋರಾಡಿದ ವಕೀಲ ಎಂ.ಸಿ. ಮೆಹ್ತಾ ಅವರ ಪ್ರಕರಣದಲ್ಲಿ 1991ರಲ್ಲೇ ಪರಿಸರವನ್ನು ಕಡ್ಡಾಯ ವಿಷಯ ಮಾಡಿ ಅಂತ ಹೇಳಿತ್ತು. ಆಮೇಲೆ ಯುಜಿಸಿ ಎಲ್ಲ ಡಿಗ್ರಿಗೂ ಆರು ತಿಂಗಳ ಪಠ್ಯ ಮಾಡಿತು. ಆ ಪಠ್ಯ ತೆಗೆದು ನೋಡಿ. ಕೊನೇ ಘಟಕವೇ ಕ್ಷೇತ್ರಕಾರ್ಯ. ಊರಿನ ನದಿ, ಕಾಡು, ಬೆಟ್ಟ ನೋಡಿ ದಾಖಲಿಸಬೇಕು. ಮಲಿನವಾದ ಒಂದು ಜಾಗಕ್ಕೆ ಹೋಗಬೇಕು. ಗಿಡ, ಹುಳ, ಹಕ್ಕಿ ಗುರುತಿಸಬೇಕು. ಅದಕ್ಕೇ 25 ಅಂಕ ಇಟ್ಟಿದ್ದರು. ಎಷ್ಟು ಕಾಲೇಜಿನಲ್ಲಿ ಮಕ್ಕಳು ಗೇಟು ದಾಟಿ ಹೋಗಿದ್ದಾರೆ?

ನಾನು ಕರೆದುಕೊಂಡು ಹೋಗುತ್ತೇನೆ. ಕಾಲೇಜಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಕೆರೆ ಇದೆ. ಬಿಕಾಂ ಹುಡುಗರನ್ನು ಏರಿ ಮೇಲೆ ನಿಲ್ಲಿಸಿ ಗದ್ದೆಗೆ ನೀರು ಬಿಡುವ ತೂಬು ಯಾವುದು, ಹೆಚ್ಚಾದ ನೀರು ಹರಿದುಹೋಗುವ ಕೋಡಿ ಯಾವುದು ಅಂತ ಕೇಳಿದೆ. ಅದೇ ಊರಿನ ಮಕ್ಕಳು, ಮೂರು ಜನ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನೀರುಗಂಟಿ ಕೆಲಸ ಮಾಡಿದ ಅಜ್ಜ ಒಬ್ಬರು ಇದ್ದಾರೆ, ಅವರನ್ನು ಕರೆಸಿದೆ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡುತ್ತಿದ್ದರು, ಕೊನೇ ಗದ್ದೆಗೆ ತಲುಪದಿದ್ದರೆ ಜಗಳ ಹೇಗೆ ಬಿಡಿಸುತ್ತಿದ್ದರು ಅಂತ ಹೇಳಿದರು. ಒಬ್ಬ ಹುಡುಗ ತಾನಾಗಿಯೇ ಎದ್ದು ರಾಜಕಾಲುವೆ ಎಲ್ಲಿ ಮುಚ್ಚಿಹೋಗಿದೆ ಅಂತ ತೋರಿಸಿದ. ಅವನ ಮನೆ ಪಕ್ಕದಲ್ಲೇ. ಆಮೇಲೆ ಎಲ್ಲರೂ ಸೇರಿ ಕೆರೆಯ ನಕ್ಷೆ ಬರೆದರು. ಆ ಬ್ಯಾಚಿನವರು ಇವತ್ತಿಗೂ ಸಿಕ್ಕಾಗ ಕೆರೆ ತುಂಬಿದೆಯಾ ಸರ್ ಅಂತ ಕೇಳುತ್ತಾರೆ.

ಈ ಪೇಪರ್ ತೆಗೆಯಿರಿ ಅನ್ನುವವರ ಜೊತೆ ನಾನು ಜಗಳ ಆಡುತ್ತೇನೆ. ಪಠ್ಯ ಕೆಟ್ಟದ್ದಲ್ಲ. ಅದರಲ್ಲಿರುವ ಒಳ್ಳೆಯ ಭಾಗವನ್ನು ನಾವು ಮಾಡುತ್ತಿಲ್ಲ.

ಕೋಡ್ ಬರೆಯುವವ
ಕೆರೆಯಂಗಳ ಸರ್, ಕೈ ಮುಗಿದೆ.

ತುಂಗಾತೀರ
ಇದು ಚೆನ್ನಾಗಿದೆ. ಆದರೆ ಸೆಕ್ಷನ್‌ನಲ್ಲಿ ನೂರಿಪ್ಪತ್ತು ಜನ ಇದ್ದರೆ? ಪ್ರಿನ್ಸಿಪಾಲರು ಅನುಮತಿ ಕೊಡುತ್ತಾರಾ? ಏನಾದರೂ ಆದರೆ ಯಾರು ಜವಾಬ್ದಾರಿ?

ಕೆರೆಯಂಗಳ
ಮೂರು ತಂಡ ಮಾಡುತ್ತೇನೆ. ಪೋಷಕರಿಂದ ಒಪ್ಪಿಗೆ ಪತ್ರ ತರಿಸುತ್ತೇನೆ. ಬೆಳಿಗ್ಗೆ ಮೊದಲ ಎರಡು ಪೀರಿಯಡ್ ಸೇರಿಸಿಕೊಳ್ಳುತ್ತೇನೆ, ಹಾಗಾಗಿ ಬಸ್ಸಿನ ಮಕ್ಕಳಿಗೂ ತೊಂದರೆ ಇಲ್ಲ. ಪ್ರಿನ್ಸಿಪಾಲರು ಮೊದಲು ಹಿಂಜರಿದರು. ಒಂದು ಸಲ ಅವರನ್ನೇ ಜೊತೆಗೆ ಕರೆದೆ, ಆಮೇಲೆ ತಕರಾರು ಬರಲಿಲ್ಲ.

ಬಯಲುಸೀಮೆ ಮೇಷ್ಟ್ರು
ನಾನು ಹೇಳಬೇಕು ಅಂದಿದ್ದು ಇದನ್ನೇ. ಸಂವಿಧಾನದ ಪೇಪರ್‌ಗೂ ಹೀಗೆ ಮಾಡಬಹುದು. ನಾನು ಮಾಡಿಸುತ್ತಿರುವುದು ಒಂದು, ಹಂಚಿಕೊಳ್ಳುತ್ತೇನೆ. ಮಾಹಿತಿ ಹಕ್ಕು ಕಾಯ್ದೆ ಪಾಠದಲ್ಲಿ ವ್ಯಾಖ್ಯೆ ಬರೆಸುವುದಿಲ್ಲ. ಪ್ರತಿಯೊಬ್ಬರೂ ಒಂದು ಅರ್ಜಿ ಬರೆಯಬೇಕು. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು, ಇಷ್ಟು ಹೇಳುತ್ತೇನೆ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ದಾಟಬಾರದು. ಆ 150 ಪದದ ಮಿತಿಗೆ ಅನೇಕರ ಆಕ್ಷೇಪ ಇದೆ, ನನಗೂ ಇದೆ. ಆದರೆ ತರಗತಿಯಲ್ಲಿ ಅದು ಒಳ್ಳೆಯ ಅಭ್ಯಾಸ ಆಗುತ್ತದೆ. ಏನು ಕೇಳಬೇಕು, ಯಾವ ಕಚೇರಿಯಲ್ಲಿ ಕೇಳಬೇಕು, ಹೇಗೆ ನೇರವಾಗಿ ಬರೆಯಬೇಕು ಅಂತ ಯೋಚಿಸಲೇಬೇಕು.

ಮೊದಲ ಕರಡಿನಲ್ಲಿ ಎಲ್ಲರೂ "ನಮ್ಮೂರಿನ ರಸ್ತೆ ಯಾಕೆ ಸರಿ ಇಲ್ಲ" ಅಂತ ಬರೆಯುತ್ತಾರೆ. ಅದಕ್ಕೆ ಯಾವ ಅಧಿಕಾರಿಯೂ ಉತ್ತರ ಕೊಡಬೇಕಾಗಿಲ್ಲ. ಎರಡನೇ ಕರಡಿನಲ್ಲಿ "ಈ ರಸ್ತೆಯ ಕಾಮಗಾರಿಯ ಅಂದಾಜು ಪಟ್ಟಿ ಮತ್ತು ಬಿಲ್ಲಿನ ನಕಲು ಕೊಡಿ" ಅಂತ ಬರುತ್ತದೆ. ಆ ಎರಡು ಕರಡಿನ ನಡುವೆ ಅವರು ಕಲಿತದ್ದನ್ನು ನಾನು ಯಾವ ಪ್ರಶ್ನೆಪತ್ರಿಕೆಯಲ್ಲೂ ಅಳೆಯಲಾರೆ.

ನೇಮಕಾತಿ ನೋಡುವವಳು
ಮೇಷ್ಟ್ರೇ, ನಾನು ಕೇಳಿದ ಬರವಣಿಗೆಯ ಪೇಪರ್ ಇದೇ. ಬೇರೆ ಪೇಪರ್ ಬೇಡ, ಇದನ್ನೇ ಎಲ್ಲ ಕಡೆ ಮಾಡಿ.

ಬಿಕಾಂ ಕೊನೇ ವರ್ಷ
ಹೀಗೆ ಕಲಿಸಿದ್ದರೆ ನಾನು ಎಲ್ಲ ತೆಗೆಯಿರಿ ಅನ್ನುತ್ತಿರಲಿಲ್ಲ ಸರ್. ಆದರೆ ಕೊನೆಗೆ ಪರೀಕ್ಷೆಯಲ್ಲಿ ಕೇಳುವುದು "ಪೀಠಿಕೆಯ ಮಹತ್ವ ವಿವರಿಸಿ" ಅಂತಲೇ ಅಲ್ವಾ? ಆಗ ಬುದ್ಧಿವಂತರು ಅರ್ಜಿ ಬರೆಯುವುದು ಬಿಟ್ಟು ಗೈಡ್ ಓದುತ್ತಾರೆ.

ಅತಿಥಿ ಉಪನ್ಯಾಸಕಿ
ತಂಗಿ ಗಂಟು ಇರುವ ಜಾಗಕ್ಕೇ ಕೈ ಹಾಕಿದಳು. ಇಂಟರ್ನಲ್ ಮಾರ್ಕ್ಸ್‌ನಲ್ಲಿ ಇಂಥದ್ದಕ್ಕೆ ಜಾಗ ಇದೆ. ಆದರೆ ಅದನ್ನು ಅಸೈನ್‌ಮೆಂಟ್ ಹೆಸರಲ್ಲಿ ಎಲ್ಲರಿಗೂ ಪೂರ್ತಿ ಕೊಟ್ಟುಬಿಡುತ್ತೇವೆ. ಕೊಡದಿದ್ದರೆ ಮೇಲಿನಿಂದ ಫೋನ್ ಬರುತ್ತದೆ, ರಿಸಲ್ಟ್ ಕಮ್ಮಿಯಾಗುತ್ತದೆ ಅಂತ.

ನಿವೃತ್ತ ಪ್ರಾಂಶುಪಾಲ
ಇಂಟರ್ನಲ್ ಅಂಕ ಜಾಸ್ತಿ ಮಾಡುವುದಕ್ಕೆ ನನ್ನ ವಿರೋಧ ಇದೆ. ಮೇಷ್ಟ್ರ ಕೈಗೆ ಹೆಚ್ಚು ಅಂಕ ಕೊಟ್ಟರೆ ಜಾತಿ, ಪರಿಚಯ, ಶಿಫಾರಸು ಎಲ್ಲ ಒಳಗೆ ಬರುತ್ತವೆ. ನನ್ನ ಸೇವೆಯಲ್ಲಿ ಇದನ್ನು ನೋಡಿ ನೋಡಿ ಸಾಕಾಗಿದೆ. ಬರೆಯುವ ಪರೀಕ್ಷೆಯಲ್ಲಿ ಹೆಸರು ಕಾಣುವುದಿಲ್ಲ, ಬಡವರ ಮಗುವಿಗೂ ನಂಬರಿನ ಮರೆ ಇರುತ್ತದೆ.

ಕರಾವಳಿ ಕನ್ನಡ
ಹಾಗಾದರೆ ಬರೆಯುವ ಪರೀಕ್ಷೆಯನ್ನೇ ಬದಲಿಸೋಣ ಸರ್. ಹೊಸ ಪದ್ಯ ಕೊಟ್ಟು ಅರ್ಥ ಕೇಳೋಣ. ಗ್ರಾಮ ಪಂಚಾಯಿತಿಯ ಒಂದು ನಡಾವಳಿ ಅಚ್ಚು ಹಾಕಿ, ಇದರಲ್ಲಿ ನಿಯಮ ಮೀರಿದ್ದು ಎಲ್ಲಿ ಅಂತ ಕೇಳೋಣ. ಅದಕ್ಕೆ ಗೈಡ್ ಬರೆಯಲಾಗುವುದಿಲ್ಲ.

ನಿವೃತ್ತ ಪ್ರಾಂಶುಪಾಲ
ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಅಂಥ ಉತ್ತರ ತಿದ್ದಲು ಸಮಯ ಬೇಕು. ಒಂದು ದಿನಕ್ಕೆ ಇಷ್ಟು ಪತ್ರಿಕೆ ಅಂತ ಓಡಿಸುವ ಮೌಲ್ಯಮಾಪನ ಕೇಂದ್ರದಲ್ಲಿ ಆಗದು.

ಸೇಡಂ ರಸ್ತೆ
ಪೂರ್ತಿ ಪೇಪರ್ ಬದಲಿಸುವುದು ಬೇಡ, ಕಾಲು ಭಾಗ ಬದಲಿಸಿ. ಅಷ್ಟಕ್ಕೇ ಹುಡುಗರ ಓದುವ ರೀತಿ ಬೇರೆ ಆಗುತ್ತದೆ.

ಬಿಕಾಂ ಕೊನೇ ವರ್ಷ
ಇದನ್ನು ವಿದ್ಯಾರ್ಥಿಗಳು ಕೇಳಬೇಕು ಅಂದರೆ ಯಾರಿಗೆ ಬರೆಯಬೇಕು? ಸರ್ಕಾರಕ್ಕಾ, ವಿಶ್ವವಿದ್ಯಾಲಯಕ್ಕಾ?

ಬಯಲುಸೀಮೆ ಮೇಷ್ಟ್ರು
ಪೇಪರ್ ಇರಬೇಕೋ ಬೇಡವೋ ಅನ್ನುವುದು ಸರ್ಕಾರದ ಮಟ್ಟದ್ದು. ಪ್ರಶ್ನೆಪತ್ರಿಕೆಯ ಮಾದರಿ ಮಾತ್ರ ವಿಶ್ವವಿದ್ಯಾಲಯದ ಕೈಲಿದೆ. ಅಧ್ಯಯನ ಮಂಡಳಿ ಒಪ್ಪಬೇಕು, ಆಮೇಲೆ ವಿದ್ಯಾವಿಷಯಕ ಪರಿಷತ್ತಿನಲ್ಲಿ ಪಾಸಾಗಬೇಕು. ಅಧ್ಯಯನ ಮಂಡಳಿಯ ಅಧ್ಯಕ್ಷರಿಗೆ ಬರೆಯಿರಿ, ಒಂದು ಪ್ರತಿ ಕುಲಸಚಿವರಿಗೆ. ಜೊತೆಗೆ ಈಗಿನ ಪ್ರಶ್ನೆಪತ್ರಿಕೆ ಒಂದು, ನೀವು ಬಯಸುವ ಮಾದರಿ ಒಂದು ಲಗತ್ತಿಸಿ. ಬರೀ ದೂರು ಬರೆದರೆ ಕಡತಕ್ಕೆ ಸೇರುತ್ತದೆ. ಮಾದರಿ ಕೊಟ್ಟರೆ ಸಭೆಯಲ್ಲಿ ಯಾರಾದರೂ ಓದುತ್ತಾರೆ.

ಕರಾವಳಿ ಕನ್ನಡ
ಕನ್ನಡದ ಮಾದರಿ ಪ್ರಶ್ನೆಗಳನ್ನು ನಾನು ಭಾನುವಾರದೊಳಗೆ ಇಲ್ಲಿ ಹಾಕುತ್ತೇನೆ. ಪರಿಸರದ್ದು ಕೆರೆಯಂಗಳ ಸರ್ ಹಾಕುತ್ತಾರಾ?

ಕೆರೆಯಂಗಳ
ಹಾಕುತ್ತೇನೆ. ನಕ್ಷೆ ಕೊಟ್ಟು ಕೇಳುವ ಪ್ರಶ್ನೆಗಳೇ ಜಾಸ್ತಿ ಇರುತ್ತವೆ, ನೋಡಿ ತಿದ್ದಿ.

ಬಿಕಾಂ ಕೊನೇ ವರ್ಷ
ಪತ್ರ ನಾನು ಬರೆಯುತ್ತೇನೆ. ಕರಡು ಇಲ್ಲೇ ಹಾಕಲಾ ಸರ್?

ಬಯಲುಸೀಮೆ ಮೇಷ್ಟ್ರು
ಹಾಕಮ್ಮ. ಓಪನ್ ಎಲೆಕ್ಟಿವ್ ವಿಷಯವನ್ನು ಬೇರೆ ಪತ್ರದಲ್ಲಿ ಬರಿ, ಎರಡನ್ನೂ ಸೇರಿಸಬೇಡ.